ಅಂಚೆಗೆ ಹಾಕದ ಮಂಗಳನ ನಕಾಶೆ

ಗಿರಿಜಾ, ನಿನ್ನ ಪತ್ರವನ್ನು ನಾನು ಅಂಚೆಗೆ ಹಾಕಲೇ ಇಲ್ಲ. ಅಮೆರಿಕದಿಂದ ಉತ್ತರ ಬಂತು ಎಂದು ಹೇಳಿದ್ದೂ ಸುಳ್ಳು.

ಎಪ್ಪತ್ತರ ದಶಕದ ಆರಂಭ. ನಾನು ಬಾಗಲಕೋಟೆಯಲ್ಲಿ ಭೂಗೋಳದ ಉಪನ್ಯಾಸಕ. ನೀನು ನನ್ನ ಹಳೆಯ ವಿದ್ಯಾರ್ಥಿನಿ, ಇಳಕಲ್ಲಿನ ಶಾಲೆಯೊಂದರಲ್ಲಿ ಆಗಷ್ಟೇ ಶಿಕ್ಷಕಿಯಾಗಿದ್ದೆ. ಮಂಗಳನನ್ನು ಸುತ್ತುವ ನೌಕೆ ತೆಗೆದ ಚಿತ್ರಗಳಿದ್ದ ವಿದೇಶಿ ಪತ್ರಿಕೆಯನ್ನು ನಾನೇ ನಿನಗೆ ಕೊಟ್ಟಿದ್ದೆ. ಅಲ್ಲಿ ಕುಳಿಗಳ ಹಿಂದೆ ಉದ್ದಕ್ಕೆ ಚಾಚಿದ ಕಪ್ಪು ಗೆರೆಗಳಿದ್ದವು. ಲಾವಾ ಹರಿದ ಗುರುತು ಎಂದು ತರಗತಿಯಲ್ಲಿ ಪಾಠ ಹೇಳಿದವನೂ ನಾನೇ.

ಒಂದು ಭಾನುವಾರ ನೀನು ಮನೆಗೆ ಬಂದೆ.

“ಸರ, ಇದು ಲಾವಾ ಅಲ್ರಿ, ಗಾಳಿ. ಪಟ್ಟದಕಲ್ಲಿನಾಗ ಹೊಳಿ ಬತ್ತಿದಾಗ ನೋಡ್ರಿ, ಒಂದೊಂದು ಕಲ್ಲಿನ ಹಿಂದ ಗಾಳಿಗೆ ಉಸುಕು ಹಿಂಗ ಬಾಲಾ ಬಿಟ್ಟಿರ್ತದ. ಇವನ್ನ ಹಿಡದು ಅಲ್ಲಿ ಗಾಳಿ ಯಾವ ಕಡಿಂದ ಬೀಸ್ತದಂತ ಹೇಳಬಹುದ್ರಿ.”

ಆ ಗಾಳಿಯ ದಿಕ್ಕುಗಳ ನಕಾಶೆಯನ್ನೂ ನೀನು ಬರೆದು ತಂದಿದ್ದೆ. ಆ ನೌಕೆ ಕಳಿಸಿದ ಅಮೆರಿಕದ ವಿಜ್ಞಾನಿಗಳಿಗೆ ಬರೆದ ಪತ್ರದ ಇಂಗ್ಲಿಷ್ ತಿದ್ದಿ ಕಳಿಸಿರೆಂದು ಕೇಳಿಕೊಂಡೆ. ನೋಡಿದ ಕೂಡಲೇ ನನಗೆ ಗೊತ್ತಾಯಿತು — ನೀನು ಹೇಳಿದ್ದು ಸರಿ. ಇಷ್ಟು ವರ್ಷ ಪಾಠ ಹೇಳಿದ ನನಗೆ ಕಾಣದ್ದು, ನನ್ನ ಕೈಯಲ್ಲಿ ಕಲಿತ ಹುಡುಗಿಗೆ… ನಾಳೆ ಕಳಿಸಿದರಾಯಿತು ಎಂದು ಕಪಾಟಿನಲ್ಲಿಟ್ಟೆ. ಆ ನಾಳೆ ಬರಲಿಲ್ಲ. ಬರಗೊಡಲಿಲ್ಲ.

ಕೆಲವು ತಿಂಗಳ ಮೇಲೆ ನೀನು ಕೇಳಿದೆ: “ಏನಂದ್ರು ಸರ, ಅವರು?”

“ಇದರಾಗ ಏನೂ ಹುರುಳಿಲ್ಲಂತ ಬರದಾರವ್ವಾ.”

ನೀನು ನಗಲು ನೋಡಿದೆ. “ಹೌದೇನ್ರಿ… ನಾನ ತಪ್ಪು ನೋಡೀನಿ, ಬಿಡ್ರಿ.”

ಧಾರವಾಡದಲ್ಲಿ ಎಂ.ಎಸ್ಸಿ. ಓದಲು ತುಂಬಿಟ್ಟ ಅರ್ಜಿಯನ್ನು ನೀನು ಹರಿದು ಹಾಕಿದೆಯಂತೆ. ನಿನ್ನ ತಂದೆಯವರೇ ಹೇಳಿದರು. ನಾನು ತಲೆಯಾಡಿಸಿದೆ — ಅಷ್ಟೇ.

ಮರುವರ್ಷ ಅದೇ ಪತ್ರಿಕೆಯಲ್ಲಿ ಲೇಖನ ಬಂತು: ಆ ಗೆರೆಗಳು ಗಾಳಿಯವೇ. ನೀನು ಹೇಳಿದ ಮಾತು, ಬೇರೆಯವರ ಹೆಸರು. ಆ ಸಂಚಿಕೆಯನ್ನು ನಿನಗೆ ತೋರಿಸಲಿಲ್ಲ.

ಹತ್ತಾರು ವರ್ಷಗಳ ನಂತರ, ಹೋದ ತಿಂಗಳು, ಬಾದಾಮಿಯ ಬಸ್ ನಿಲ್ದಾಣದಲ್ಲಿ ನೀನು ಸಿಕ್ಕೆ. ಜೊತೆಗೆ ನಿನ್ನ ಶಾಲೆಯ ಹುಡುಗಿಯರು. “ಇವರು ನನ್ನ ಗುರುಗಳು. ತಪ್ಪಿದ್ರ ತಪ್ಪು ಅಂತ ಮುಖದ ಮ್ಯಾಲೆ ಹೇಳಾವ್ರು,” ಎಂದು ನೀನು ಅವರಿಗೆ ಹೇಳಿದೆ. ಅವರು ಒಬ್ಬೊಬ್ಬರಾಗಿ ನನ್ನ ಕಾಲು ಮುಟ್ಟಿದರು. ಬಸ್ಸಿಗೆ ಇನ್ನೂ ಹೊತ್ತಿತ್ತು, ಹೇಳಬಹುದಿತ್ತು…

ಈ ಸೋಮವಾರ ಇಳಕಲ್ಲಿಗೆ ಬರುತ್ತೇನೆ. ಆ ಹುಡುಗಿಯರ ಎದುರಿಗೇ ಇದನ್ನೆಲ್ಲ ಹೇಳುತ್ತೇನೆ. ಆಮೇಲೆ ನೀನು ಏನೆಂದರೂ ನಿಂತು ಕೇಳುತ್ತೇನೆ.