ಟ್ಯಾಂಕಿಗೆ ಹಾಕಿದ ತೀರ್ಥ

ಎರಡನೇ ಮಹಾಯುದ್ಧದ ಕಾಲದಲ್ಲೂ ನಾನು ಮದ್ದೂರಿನ ಈ ಪೆಟ್ರೋಲ್ ಬಂಕನ್ನೇ ನೋಡಿಕೊಳ್ಳುತ್ತಿದ್ದೆ. ಆಯುಧಪೂಜೆಯ ದಿನ ನೆಲದೊಳಗಿನ ಟ್ಯಾಂಕಿಗೂ ಪೂಜೆ ಆಗಬೇಕು. ಪ್ರತಿ ವರ್ಷವೂ ನನ್ನ ಹೆಂಡತಿ ಮುಚ್ಚಳ ತೆಗೆಸಿ ಒಳಗೆ ತೀರ್ಥ ಹಾಕುತ್ತಿದ್ದಳು. ಆ ವರ್ಷ ಅವಳು ತೀರಿಕೊಂಡಿದ್ದಳು. ನಾನೇ ಒಂದು ಚೆಂಬು ಹಾಕಿದೆ. ಟ್ಯಾಂಕಿನಲ್ಲಿ ಪೆಟ್ರೋಲು ತಳಕ್ಕೆ ಇಳಿದಿತ್ತು.

ಮಾರನೆಯ ದಿನ ನಮ್ಮಲ್ಲಿ ಪೆಟ್ರೋಲು ಹಾಕಿಸಿಕೊಂಡು ಹೋದ ಒಂದು ಬಸ್ಸು ನಿಡಘಟ್ಟದ ಹತ್ತಿರ ನಿಂತುಹೋಯಿತು. ಡ್ರೈವರು ನಡೆದುಕೊಂಡೇ ಬಂದ.

"ಇದೇನ್ಲಾ ತುಂಬ್ಸಿದ್ದು, ಪೆಟ್ರೋಲಾ ಕೆರೆ ನೀರಾ?" ಅಂದ.

ಅವನ ದೂರಿನ ಮೇಲೆ ಬಂಕುಗಳ ತಪಾಸಣೆ ಮಾಡುವ ಇನ್‌ಸ್ಪೆಕ್ಟರು ಬಂದು ಟ್ಯಾಂಕಿಗೆ ಅಳತೆ ಕೋಲು ಇಳಿಸಿ ನೋಡಿದರು.

"ನೀರು ಹೆಂಗೆ ಬಂತಯ್ಯಾ?"

"ತೀರ್ಥ ಸ್ವಾಮಿ. ವರ್ಸಾ ವರ್ಸಾ ಆಕ್ತೀವಿ. ಇಲ್ಲೀಗಂಟ ಏನೂ ಆಗಿರ್ನಿಲ್ಲ."

"ಆಗ ಬರೀ ಪೆಟ್ರೋಲಿತ್ತು. ಈಗ ಮಂಡ್ಯದ ಕಬ್ಬಿನ ಸ್ಪಿರಿಟ್ಟು ಬೆರೆಸಬೇಕು ಅಂತ ಕಾನೂನು. ನೀರು ಸಿಕ್ಕಿದ್ರೆ ಸ್ಪಿರಿಟ್ಟು ಪೆಟ್ರೋಲು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತೆ. ಬಸ್ಸಿಗೆ ಹೋಗಿದ್ದು ಅದೇ. ಎಷ್ಟು ಹಾಕ್ದೆ?"

"ಒಂದು ಚೆಂಬು."

"ಚೆಂಬಾ! ಹೋದ ವರ್ಷಾನೂ ಚೆಂಬೇನಾ?"

"ಆಗ ನಮ್ಮೆಂಗಸ್ರು ಆಕ್ತಿದ್ರು. ಎಷ್ಟು ಅಂತ ನಾನು ನೋಡ್ನಿಲ್ಲ. ಕೇಳಾನ ಅಂದ್ರೆ ಈಗ ಅವ್ರಿಲ್ಲ."

ಇನ್‌ಸ್ಪೆಕ್ಟರು ವರದಿ ಬರೆಯಲು ಪೆನ್ನು ತೆಗೆದರು. ನಾನು ನೀರು ಹಾಕಿದೆ ಅಂತ ಬರೆದರೆ ನನ್ನ ಕೆಲಸ ಹೋಗುತ್ತಿತ್ತು. ಆಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದು, ನನಗೆ ಓದಿ ಹೇಳಿದರು: ಮುಚ್ಚಳ ಸಡಿಲವಾಗಿ ಮಳೆ ನೀರು ಇಳಿದಿದೆ, ಟ್ಯಾಂಕು ಖಾಲಿ ಮಾಡಿ ತೊಳೆದು ಬೀಗ ಹಾಕಬೇಕು.

ಬೀಗ ಬಂತು. ಬೀಗದ ಕೈ ಬಂಕಿನ ಒಡೆಯರಾದ ಸಾಹುಕಾರರ ಹತ್ತಿರ ಇರುತ್ತದೆ. ಹಬ್ಬಕ್ಕೆ ಈಗ ನಾನು ಬೀಗಕ್ಕೇ ಪೂಜೆ ಮಾಡುತ್ತೇನೆ. ಅದಕ್ಕೂ ತೀರ್ಥ ಹೆಚ್ಚೇ ಆಗುತ್ತದೆ ಅಂತ ಕಾಣುತ್ತದೆ. ಆಗಲೇ ತುಕ್ಕು ಹಿಡಿದಿದೆ.