ಒಂದು ವರ್ಷದೊಳಗೆ ಎಂದವಳು

ಬಸ್ ನಿಲ್ದಾಣದಲ್ಲಿ ಬಸ್ಸುಗಳನ್ನು ಕೂಗುವ ಹೆಂಗಸಿಗೆ ಊರವರು ಮೈಕಕ್ಕ ಎಂದು ಹೆಸರಿಟ್ಟಿದ್ದರು. ವಿಚಾರಣೆ ಕೌಂಟರಿನ ಹಿಂದಿನ ಗಾಜಿನ ಕೋಣೆಯಲ್ಲಿ ಆಕೆ ಇಪ್ಪತ್ತೆರಡು ವರ್ಷ ಕೂತಿದ್ದಳು. ಕೋಣೆ ಎಂದರೆ ಒಂದು ಮೇಜು, ಕುರ್ಚಿ, ಕತ್ತು ಅರ್ಧ ತಿರುಗಿ ನಿಂತುಬಿಡುವ ಫ್ಯಾನು. ಕಾಲು ಚಾಚಿದರೆ ಗೋಡೆ. ಯಾವ ಊರಿಗೆ, ಯಾವ ಪ್ಲಾಟ್‌ಫಾರ್ಮಿನಿಂದ, ಎಷ್ಟು ಗಂಟೆಗೆ ಎಂಬ ಮೂರು ಮಾತು ಸೇರದೆ ಅವಳ ಬಾಯಿಂದ ವಾಕ್ಯ ಹೊರಡುತ್ತಿರಲಿಲ್ಲ. ಮನೆಯಲ್ಲೂ ಅದೇ ಚಾಳಿ. "ಒಂದೂವರೆಗೆ ಊಟ" ಎಂದು ಅಡುಗೆಮನೆಯಿಂದ ಕೂಗಿದರೆ, ದರ್ಜಿ ಗಂಡ ಹೊಲಿಗೆ ಯಂತ್ರದಿಂದ ತಲೆ ಎತ್ತದೆ, "ಯಾವ ಪ್ಲಾಟ್‌ಫಾರ್ಮು?" ಎಂದು ಕೇಳುತ್ತಿದ್ದ.

ಅವಳು ಹೇಳಿದ ವೇಳೆ ತಪ್ಪುತ್ತಿರಲಿಲ್ಲ. ಬಸ್ಸು ತಡವಾದರೆ ಎಷ್ಟು ತಡ ಎಂಬುದನ್ನು ಡಿಪೋಕ್ಕೆ ಎರಡೆರಡು ಸಲ ಫೋನು ಮಾಡಿ ತಿಳಿದುಕೊಂಡೇ ಮೈಕಿನ ಗುಂಡಿ ಒತ್ತುತ್ತಿದ್ದಳು. "ಮೈಕಕ್ಕ ಹೇಳಿದಳು ಅಂದ್ರೆ ಮುಗೀತು" ಎನ್ನುತ್ತಿದ್ದರು ಜನ. ಆ ಮಾತು ಕಿವಿಗೆ ಬಿದ್ದಾಗ ಅವಳು ಮುಖ ತೋರಿಸದೆ ಒಳಗೊಳಗೇ ಹಿಗ್ಗುತ್ತಿದ್ದಳು.

ಅವರ ಮನೆ ಇದ್ದದ್ದು ರೈಲ್ವೆ ಗೇಟಿನಾಚೆಯ ಓಣಿಯಲ್ಲಿ. ಆಸ್ಪತ್ರೆ, ಶಾಲೆ, ಮಾರುಕಟ್ಟೆ ಎಲ್ಲ ಈಚೆ. ಗೇಟು ಬಿದ್ದರೆ ಓಣಿಯವರ ಬದುಕೂ ನಿಂತಂತೆಯೇ. ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವಳ ಮಾವನಿಗೆ ಎದೆನೋವು ಬಂತು. ವ್ಯಾನಿನಲ್ಲಿ ಮಲಗಿಸಿಕೊಂಡು ಹೊರಟರೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ ಅರ್ಧ ದಾಟಿ ಹಳಿಯ ಮೇಲೇ ನಿಂತುಕೊಂಡಿತು. ಗೇಟು ಎದ್ದಾಗ ಮಾವ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ಅತ್ತೆ ಆಮೇಲೆ ಸೊಸೆಗೆ ಹೇಳಿದ್ದು ಇಷ್ಟೇ: "ಕೈ ಹಿಡ್ಕೊಂಡು ಡಬ್ಬಿ ಎಣಿಸ್ತಾ ಕೂತೆ ಕಣೇ. ಇನ್ನೇನು ಮಾಡ್ಲಿ? ನಲವತ್ತೊಂದಿತ್ತು."

ಸಂಸತ್ತಿನ ಚುನಾವಣೆ ಬಂದದ್ದು ಇದಾದ ಮೇಲೆ. ಕಣದಲ್ಲಿ ಹನ್ನೊಂದು ಜನರಿದ್ದರೂ ನಿಜವಾದ ಪೈಪೋಟಿ ಇಬ್ಬರದೇ. ಒಬ್ಬ ಗಿರಣಿ ಸಾಹುಕಾರ, ಎರಡು ಸಲ ಗೆದ್ದು ಹೋದವನು. ಎದುರಿಗೆ ನಿಂತವಳು ಸರ್ಕಾರಿ ಆಸ್ಪತ್ರೆಯ ಕೆಲಸ ಬಿಟ್ಟು ಬಂದ ಡಾಕ್ಟರಮ್ಮ. ಡಾಕ್ಟರಮ್ಮನ ಕಡೆಯವರಿಗೆ ಪ್ರಚಾರದ ವ್ಯಾನುಗಳಿಗೆ ಒಂದು ದನಿ ಬೇಕಿತ್ತು. ಮೈಕಕ್ಕನದು ಖಾಸಗಿ ಗುತ್ತಿಗೆಯ ನೌಕರಿ, ಅಡ್ಡಿಯೇನೂ ಇರಲಿಲ್ಲ. ಗೇಟಿನ ಮೇಲೆ ಸೇತುವೆ ಮಾಡಿಸುವ ಮಾತು ಓದಬೇಕಾದ ಹಾಳೆಯಲ್ಲಿದೆ ಎಂದು ತಿಳಿದ ಮೇಲಂತೂ ಅವಳು ಹಿಂದೆಮುಂದೆ ನೋಡಲಿಲ್ಲ.

ಫೋಟೋ ಅಂಗಡಿಯ ಹಿಂಭಾಗದಲ್ಲಿ, ಸದ್ದು ತಡೆಯಲು ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ ಕೋಣೆಯೊಂದರಲ್ಲಿ ರೆಕಾರ್ಡಿಂಗು. ಹಾಳೆಯಲ್ಲಿ ಬರೆದದ್ದು ಹೀಗಿತ್ತು: 'ರೈಲ್ವೆ ಗೇಟಿನ ಬಳಿ ಮೇಲ್ಸೇತುವೆ ನಿರ್ಮಿಸಲು ಪ್ರಾಮಾಣಿಕವಾಗಿ ಪ್ರಯತ್ನಿಸಲಾಗುವುದು.' ಮೈಕಕ್ಕ ಒಂದೇ ಉಸಿರಿಗೆ ಓದಿದಳು. ಆದರೆ ಅವಳ ಬಾಯಿಂದ ಬಂದದ್ದು, "ರೈಲ್ವೆ ಗೇಟಿನ ಬಳಿ ಒಂದು ವರ್ಷದೊಳಗೆ ಮೇಲ್ಸೇತುವೆ ನಿರ್ಮಿಸಲಾಗುವುದು."

ಬೇಕೆಂದು ಹೇಳಿದ್ದಲ್ಲ. ವೇಳೆ ಇಲ್ಲದ ವಾಕ್ಯ ನಾಲಿಗೆಗೆ ಒಗ್ಗಲಿಲ್ಲ, ನಾಲಿಗೆ ತಾನೇ ತುಂಬಿಸಿಕೊಂಡಿತು. ಕೂಡಲೇ ಅವಳಿಗೆ ಗೊತ್ತಾಯಿತು. ಗಾಜಿನಾಚೆ ನೋಡಿದಳು. ಡಾಕ್ಟರಮ್ಮನ ಚುನಾವಣಾ ಏಜೆಂಟ್ ಯಾರದೋ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದ. ಸ್ಟುಡಿಯೋದವನು ಹೆಬ್ಬೆರಳು ಎತ್ತಿ ತೋರಿಸಿದ. ಇನ್ನೊಂದು ಸಲ ಓದುತ್ತೇನೆ ಎಂದು ಹೇಳಲು ಅವಳು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ಮುಚ್ಚಿತು. ನಾಲಿಗೆ ತಪ್ಪಿದ್ದು ಬೇಕೆಂದಲ್ಲ, ಆದರೆ ಬಾಯಿ ಮುಚ್ಚಿದ್ದು ಬೇಕೆಂದೇ. ಇದನ್ನು ಹೇಳಬೇಕಾಗಿ ಬಂದಾಗ ಅವಳು ಮುಚ್ಚಿಡಲಿಲ್ಲ.

ಮರುದಿನದಿಂದ ಅವಳ ದನಿ ಊರು ಸುತ್ತತೊಡಗಿತು. ಏಳು ವ್ಯಾನು, ಬೆಳಗ್ಗೆಯಿಂದ ಸಂಜೆವರೆಗೆ. ತರಕಾರಿ ಆರಿಸುತ್ತಿದ್ದರೆ ಹಿಂದಿನಿಂದ ತನ್ನದೇ ದನಿ. ಗಾಜಿನ ಕೋಣೆಯಲ್ಲಿ ಕೂತು ಮೂರನೇ ಪ್ಲಾಟ್‌ಫಾರ್ಮಿನ ಬಸ್ಸು ಕೂಗುತ್ತಿರುವಾಗಲೇ ನಿಲ್ದಾಣದ ಹೊರಗೆ ಸೇತುವೆ ಕೂಗುವುದೂ ತಾನೇ. ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎದ್ದು ನೀರು ಕುಡಿದು ಬರುತ್ತಿದ್ದಳು, ಮತ್ತೆ ಕೂರುತ್ತಿದ್ದಳು, ಮತ್ತೆ ಏಳುತ್ತಿದ್ದಳು. ಒಂದು ದಿನ ಐದೂಕಾಲಿನ ಬಸ್ಸನ್ನು ಐದೂವರೆ ಎಂದು ಕೂಗಿ, ಬೆವೆತು, ತಿದ್ದಿ ಮೂರು ಸಲ ಹೇಳಿದಳು.

ಓಣಿಯ ನಲ್ಲಿಯ ಬಳಿ ಹೆಂಗಸರು ಸುತ್ತುವರಿದರು.

"ಒಂದೇ ವರ್ಷಾನಾ ಮೈಕಕ್ಕ?" ಎಂದಳು ಪಕ್ಕದ ಮನೆಯವಳು.

"ಹಾಳೇಲಿ..." ಎಂದು ಶುರು ಮಾಡಿದಳು ಮೈಕಕ್ಕ.

"ಹಾಳೆ ಕತೆ ಬಿಡಿ. ನೀವೇ ಹೇಳ್ತಿದ್ದೀರಲ್ಲ, ಅಷ್ಟು ಸಾಕು ನಮಗೆ."

ಬಿಂದಿಗೆ ಅರ್ಧವೂ ತುಂಬಿರಲಿಲ್ಲ. ಎತ್ತಿಕೊಂಡು ಮನೆಗೆ ಬಂದಳು.

ಅಷ್ಟರಲ್ಲಿ ಸಾಹುಕಾರನ ಕಡೆಯವರಿಗೂ ಸುದ್ದಿ ಮುಟ್ಟಿತ್ತು. ಅವರ ವ್ಯಾನಿನಲ್ಲೊಂದು ಗಂಡು ದನಿ ಗುಡುಗಿತು: "ಹತ್ತೇ ತಿಂಗಳಲ್ಲಿ ಸೇತುವೆ!" ಓಣಿಯವರು ನಕ್ಕರು. ಹತ್ತು ವರ್ಷ ಗದ್ದುಗೆಯಲ್ಲಿ ಕೂತವನಿಗೆ ಹತ್ತು ತಿಂಗಳ ಲೆಕ್ಕ ಈಗ ನೆನಪಾಯಿತೇ ಎಂದರು. ಆ ನಗು ಕೇಳಿ ಮೈಕಕ್ಕ ಬಾಗಿಲು ಹಾಕಿಕೊಂಡಳು. ಅವನ ಸುಳ್ಳನ್ನು ಗುರುತಿಸಿದವರು ತನ್ನದನ್ನು ಎದೆಗೊತ್ತಿಕೊಂಡಿದ್ದರು.

ಗಂಡನಿಗೆ ಹೇಳಿದಳು. ಅವನು ಹೊಲಿಗೆ ನಿಲ್ಲಿಸಿ, ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟ. "ತಪ್ಪು ಹೊಲಿಗೆ ಬಿದ್ರೆ ನಾನು ಬಿಚ್ತೀನಿ. ಇದನ್ನ ಬಿಚ್ಚೋಕಾಗುತ್ತಾ?"

"ಹೋಗಿ ಹೇಳ್ಬಿಡ್ಲಾ?"

"ನಾನು ಬೇಡ ಅಂದ್ರೆ ಬಿಡ್ತೀಯಾ? ಊಟ ತಟ್ಟೇಲೇ ಬಿಟ್ಟು ಎದ್ದು ಓಡಾಡ್ತಿದ್ದೀಯ ಎರಡು ವಾರದಿಂದ. ಹೋಗಿ ಬಾ."

ಮತದಾನಕ್ಕೆ ಇನ್ನು ಐದು ದಿನ. ಪಾತ್ರೆ ಅಂಗಡಿಯ ಮಹಡಿಯ ಮೇಲೆ ಡಾಕ್ಟರಮ್ಮನ ಚುನಾವಣಾ ಕಚೇರಿ. ಕರಪತ್ರದ ಕಟ್ಟುಗಳ ನಡುವೆ ಡಾಕ್ಟರಮ್ಮ ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದಳು. ಜೊತೆಗೆ ಏಜೆಂಟ್. ಮೈಕಕ್ಕ ನಿಂತೇ ಹೇಳಿದಳು. ಹಾಳೆಯಲ್ಲಿ ಏನಿತ್ತು, ತಾನೇನು ಹೇಳಿದೆ, ತಿದ್ದುವ ಅವಕಾಶವಿದ್ದರೂ ಹೇಗೆ ಸುಮ್ಮನಾದೆ, ಎಲ್ಲವನ್ನೂ.

ಡಾಕ್ಟರಮ್ಮ ಕಾಲು ಕೆಳಗಿಟ್ಟಳು. "ಒಂದು ವರ್ಷ ಅನ್ನೋದು ನಮ್ಮ ಹಾಳೇಲಿ ಇರ್ಲೇ ಇಲ್ವಾ?" ಎಂದು ಏಜೆಂಟನ ಕಡೆ ತಿರುಗಿದಳು. "ನೀವೇ ಸೇರಿಸಿದ್ದು ಅಂದ್ಕೊಂಡಿದ್ದೆ ನಾನು."

"ಯಾರು ಸೇರಿಸಿದ್ರೆ ಏನು ಮೇಡಂ? ಗೇಟಿನಾಚೆ ಎಲ್ಲ ಮನೇಲೂ ಇದೇ ಮಾತು."

"ಒಂದು ವರ್ಷದಲ್ಲಿ ಆಗಲ್ಲ ಅದು. ನಕ್ಷೆ ಒಪ್ಪಿಗೆಗೇ ಎರಡು ವರ್ಷ ಬೇಕು."

"ಈಗ ವಾಪಸ್ ತಗೊಂಡ್ರೆ ಸಾಹುಕಾರ ಏನಂತಾನೆ ಗೊತ್ತಾ? ಗೆಲ್ಲೋಕೆ ಮುಂಚೆನೇ ಮಾತು ತಪ್ಪಿದ್ಳು ಅಂತಾನೆ."

ಡಾಕ್ಟರಮ್ಮ ಕಿಟಕಿಯ ಕಡೆ ನೋಡಿದಳು. ಕೆಳಗೆ ರಸ್ತೆಯಲ್ಲಿ ವ್ಯಾನು ಹೋಗುತ್ತಿತ್ತು. ಮೈಕಕ್ಕನ ದನಿ ದೂರವಾಗುತ್ತ ಹೋಯಿತು.

"ನೀವು ಮನೆಗೆ ಹೋಗಿ ಅಮ್ಮ," ಎಂದಳು ಡಾಕ್ಟರಮ್ಮ ಕೊನೆಗೆ. "ನಾನು ನೋಡ್ತೀನಿ."

ಮೈಕಕ್ಕ ಮೆಟ್ಟಿಲಿಳಿದಳು. ಮರುದಿನ ವ್ಯಾನು ಬಂತು, ಅದೇ ಮಾತು. ಅದರ ಮರುದಿನವೂ ಬಂತು. ಪ್ರಚಾರ ಮುಗಿಯುವ ಗಳಿಗೆಯವರೆಗೂ ಒಂದಕ್ಷರ ಬದಲಾಗಲಿಲ್ಲ.

ಡಾಕ್ಟರಮ್ಮ ಗೆದ್ದಳು, ಕೂದಲೆಳೆಯ ಅಂತರದಲ್ಲಿ. ಗೇಟಿನಾಚೆಯ ನಾಲ್ಕು ಮತಗಟ್ಟೆಗಳು ಇಡಿಯಾಗಿ ಅವಳ ಕಡೆ ವಾಲದಿದ್ದರೆ ಸಾಹುಕಾರನೇ ಮೂರನೇ ಸಲ ಹೋಗುತ್ತಿದ್ದ. ಓಣಿಯವರು ಮೈಕಕ್ಕನ ಮನೆ ಮುಂದೆ ಬಂದು ಚಪ್ಪಾಳೆ ಹೊಡೆದರು. ಅವಳು ತಲೆನೋವೆಂದು ಹೇಳಿ ಒಳಗೇ ಉಳಿದಳು.

ಆ ವರ್ಷ ಅವಳು ಸವೆದುಹೋದಳು. ವಾರಕ್ಕೊಮ್ಮೆ ಸಂಸದರ ಕಚೇರಿಗೆ ಹೋಗಿ ಸೇತುವೆ ಯಾವ ಹಂತಕ್ಕೆ ಬಂತೆಂದು ಕೇಳುತ್ತಿದ್ದಳು. ಮೊದಮೊದಲು ಕುರ್ಚಿ ಕೊಟ್ಟರು, ಆಮೇಲೆ ಕುರ್ಚಿಯೂ ಇಲ್ಲ. ಎಂಟನೇ ತಿಂಗಳಿಗೆ ಇಬ್ಬರು ಬಂದು ಪರೀಕ್ಷೆಗೆಂದು ಹಳಿಯ ಪಕ್ಕ ಮಣ್ಣು ಅಗೆದು ಡಬ್ಬಿಯಲ್ಲಿ ತುಂಬಿಕೊಂಡು ಹೋದರು. ಅಂದು ಅವಳು ಅತ್ತೆಯ ಮುಂದೆ ಹುಡುಗಿಯಂತೆ ಕುಣಿದಾಡಿದಳು. ಅತ್ತೆ, "ಮಣ್ಣು ತಗೊಂಡು ಹೋಗಿದ್ದಾರೆ, ತಂದು ಹಾಕಿಲ್ಲವಲ್ಲ" ಎಂದಳು.

ವರ್ಷ ತುಂಬಿತು. ಬೈಗುಳವನ್ನಾದರೂ ಅವಳು ತಡೆದುಕೊಳ್ಳುತ್ತಿದ್ದಳೇನೋ. ಓಣಿಯವರು ಬೈಯಲಿಲ್ಲ, ತಮಾಷೆ ಮಾಡಿದರು. ಒಂದು ಬೆಳಗ್ಗೆ ಒಂಬತ್ತೂಹತ್ತರ ಬಸ್ಸು ಕೂಗಿದ ಮೇಲೆ ಓಣಿಯ ಗಾರೆ ಕೆಲಸದವನು ಗಾಜಿನ ಕಿಂಡಿಗೆ ಬಗ್ಗಿ, "ಇದು ಬಸ್ಸಿನ ಟೈಮಾ ಮೈಕಕ್ಕ, ಸೇತುವೆ ಟೈಮಾ?" ಎಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವನಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ. ಅವಳು ಮೈಕಿನ ಗುಂಡಿಯ ಮೇಲಿಂದ ಬೆರಳು ತೆಗೆಯುವುದನ್ನೇ ಮರೆತಿದ್ದರಿಂದ ಆ ನಗು ಇಡೀ ನಿಲ್ದಾಣಕ್ಕೆ ಕೇಳಿಸಿತು.

ಮುಂದಿನ ತಿಂಗಳು ಶಾಲೆಯ ಸಭಾಂಗಣದಲ್ಲಿ ಸಂಸದರ ಸಭೆ. ಓಣಿಯವರು ಮುಂದಿನ ಸಾಲು ಹಿಡಿದು ಕೂತರು. ವೇದಿಕೆಯ ಮೇಲೆ ಡಾಕ್ಟರಮ್ಮ, ಪಕ್ಕದಲ್ಲಿ ಏಜೆಂಟ್. ಈಗ ಅವನು ಸಂಸದರ ಕಾರ್ಯದರ್ಶಿ. ಸೇತುವೆಯ ಪ್ರಶ್ನೆ ಎದ್ದ ಕೂಡಲೇ ಮೈಕು ಎಳೆದುಕೊಂಡವನು ಅವನೇ.

"ನಮ್ಮ ಪ್ರಣಾಳಿಕೇಲಿ ಒಂದು ವರ್ಷ ಅಂತ ಎಲ್ಲಿದೆ, ತೋರಿಸಿ. ಅದನ್ನ ರೆಕಾರ್ಡಿಂಗಲ್ಲಿ ಆ ಹೆಂಗಸು ತಾನಾಗೇ ಸೇರಿಸಿದ್ದು. ಮೇಡಂಗೂ ಅದಕ್ಕೂ ಸಂಬಂಧ ಇಲ್ಲ."

ಸಭೆ ತಿರುಗಿ ನೋಡಿತು. ಮೈಕಕ್ಕ ಅತ್ತೆಯ ಪಕ್ಕ ಗೋಡೆಗಂಟಿಕೊಂಡು ನಿಂತಿದ್ದಳು. ಅವಳು ಮುಂದಕ್ಕೆ ನಡೆದಳು. ಯಾರೋ ಮೈಕು ಚಾಚಿದರು, ಅವಳು ಬೇಡವೆಂದಳು.

"ಅವರು ಹೇಳಿದ್ದು ನಿಜ. ಒಂದು ವರ್ಷ ಅಂದವಳು ನಾನೇ. ಹಾಳೇಲಿ ಇರ್ಲಿಲ್ಲ." ಮೈಕಿಲ್ಲದ ಅವಳ ದನಿ ಇಷ್ಟು ಸಣ್ಣದೆಂದು ಯಾರಿಗೂ ಗೊತ್ತಿರಲಿಲ್ಲ. ಹಿಂದಿನವರು ಎದ್ದು ನಿಂತರು. "ಓಣಿಯವರು ನನ್ನನ್ನ ನಂಬಿ ಓಟು ಹಾಕಿದ್ರಿ. ತಪ್ಪಾಯ್ತು. ಆದ್ರೆ ಮತದಾನಕ್ಕೆ ಐದು ದಿನ ಇರೋವಾಗ, ಮಧ್ಯಾಹ್ನ ಮೂರು ಗಂಟೆಗೆ, ನಾನು ಇವರಿಬ್ಬರ ಮುಂದೆ ನಿಂತು ಇದನ್ನ ಹೇಳಿದ್ದೀನಿ. ಆಮೇಲೂ ವ್ಯಾನು ಓಡಿತು. ಆ ದಿನಗಳ ಮಾತು ನನ್ನೊಬ್ಬಳದಲ್ಲ."

"ಸುಳ್ಳು!" ಎಂದ ಕಾರ್ಯದರ್ಶಿ.

ಡಾಕ್ಟರಮ್ಮ ಎದ್ದಳು. ಅವನ ಮುಂದಿದ್ದ ಮೈಕನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಸುಳ್ಳಲ್ಲ," ಎಂದಳು. "ಬಂದು ಹೇಳಿದ್ರು. ನಿಲ್ಲಿಸಬೇಕಿತ್ತು, ನಾನು ನಿಲ್ಲಿಸಲಿಲ್ಲ. ನನಗೆ ಗೆಲ್ಲಬೇಕಿತ್ತು."

ಗಲಾಟೆಯಾಗುತ್ತದೆ ಎಂದುಕೊಂಡವರೇ ಹೆಚ್ಚು. ಆಗಲಿಲ್ಲ. ಅತ್ತೆ ಮಾತ್ರ ಗೋಡೆಯ ಬಳಿಯಿಂದಲೇ ಕೇಳಿದಳು: "ಅದೆಲ್ಲ ಸರಿ ತಾಯಿ. ಈಗ ಯಾವಾಗ?"

ಡಾಕ್ಟರಮ್ಮ ದಿನಾಂಕ ಹೇಳಲಿಲ್ಲ. ಪ್ರತಿ ತಿಂಗಳ ಮೊದಲ ಸೋಮವಾರ ಕಡತ ಎಲ್ಲಿದೆಯೆಂದು ತಾನೇ ಓಣಿಗೆ ಬಂದು ಹೇಳುವುದಾಗಿ ಹೇಳಿದಳು. ನಡುವೆ ನಾಲ್ಕೈದು ತಿಂಗಳು ತಪ್ಪಿಸಿದ್ದು ಬಿಟ್ಟರೆ ಬಂದಳು. ಕೆಲವು ಸಲ ಹೇಳಲು ಏನೂ ಇಲ್ಲವೆಂದು ಹೇಳಿಯೇ ಹೋದಳು.

ಸಭೆಯ ಮರುದಿನ ಭಾನುವಾರ. ಮೈಕಕ್ಕ ಬೆಳಗ್ಗೆ ಮಲಗಿದವಳು ಸಂಜೆಯವರೆಗೂ ಏಳಲಿಲ್ಲ. ಗಂಡ ಎರಡು ಸಲ ಬಂದು ಮೂಗಿನ ಹತ್ತಿರ ಕೈಯಿಟ್ಟು ಉಸಿರು ನೋಡಿ ಹೋದ.

ಮೂರನೇ ವರ್ಷದ ಕೊನೆಗೆ ಗೇಟಿನ ಮೇಲೆ ಕಬ್ಬಿಣದ ಕಾಲುಸೇತುವೆ ಬಂತು, ನಡೆದು ಹೋಗುವವರಿಗೆ ಮಾತ್ರ. ವಾಹನಗಳ ಸೇತುವೆಗೆ ಎರಡು ಕಂಬ ಎದ್ದು ನಿಂತವು. ಆಸ್ಪತ್ರೆಯ ಬದಿಯಲ್ಲೊಂದು ಆಂಬುಲೆನ್ಸು ಸದಾ ನಿಂತಿರುವಂತೆ ಡಾಕ್ಟರಮ್ಮ ಮಾಡಿಸಿದಳು; ಕಾಯಿಲೆಯವರನ್ನು ಸ್ಟ್ರೆಚರಿನಲ್ಲಿ ಮೆಟ್ಟಿಲು ಹತ್ತಿಸಿ ಇಳಿಸಬೇಕಿತ್ತು. ಕಷ್ಟದ ಕೆಲಸವೇ. ಆದರೂ ಕಾಲುಸೇತುವೆ ಬಂದ ಮೊದಲ ವರ್ಷದಲ್ಲೇ ಇಬ್ಬರು ಹಾಗೆ ದಾಟಿ ಉಳಿದರು. ಅವರಲ್ಲೊಬ್ಬ ಗಾಜಿನ ಕಿಂಡಿಯಲ್ಲಿ ತಮಾಷೆ ಮಾಡಿದ ಗಾರೆ ಕೆಲಸದವನ ಅಣ್ಣ.

ಮುಂದಿನ ಚುನಾವಣೆಗೂ ಸಾಹುಕಾರ ನಿಂತ, ಡಾಕ್ಟರಮ್ಮನೂ ನಿಂತಳು. ಎರಡೂ ಕಡೆಯವರು ಹಾಳೆ ಹಿಡಿದು ಮೈಕಕ್ಕನ ಮನೆಗೆ ಬಂದರು. ಗಂಟಲು ಸರಿಯಿಲ್ಲವೆಂದು ಇಬ್ಬರಿಗೂ ಟೀ ಕೊಟ್ಟು ಕಳಿಸಿದಳು.

ಮತದಾನದ ದಿನ ಗಂಡ ಹೆಂಡತಿ ಬೇಗ ಹೋಗಿ ಸಾಲಿನಲ್ಲಿ ನಿಂತರು. ಹೊರಗೆ ಬಂದ ಮೇಲೆ ಗಂಡ ಕೇಳಿದ, "ಯಾರಿಗೆ ಹಾಕ್ದೆ?"

"ನಿಮಗೆ ಯಾಕೆ?"

"ಡಾಕ್ಟ್ರಮ್ಮನಿಗೇ ತಾನೇ? ಅಷ್ಟು ಜನರ ಮುಂದೆ ತಪ್ಪು ಒಪ್ಪಿಕೊಂಡ್ಳಲ್ಲ."

"ಒಪ್ಪಿಕೊಂಡಿದ್ದು ಗೆದ್ದ ಮೇಲೆ," ಎಂದಳು ಮೈಕಕ್ಕ. ಸ್ವಲ್ಪ ದೂರ ನಡೆದು, "ಆದ್ರೂ ಒಪ್ಪಿಕೊಂಡ್ಳು," ಎಂದಳು. ಅದಕ್ಕಿಂತ ಹೆಚ್ಚು ಅವಳ ಬಾಯಿ ಬಿಡಿಸಲು ಅವನಿಂದ ಆಗಲಿಲ್ಲ. ಹತ್ತು ಗಂಟೆಗೆ ಅವಳಿಗೆ ಡ್ಯೂಟಿ ಇತ್ತು. ಗಂಡನನ್ನು ಹಿಂದೆ ಬಿಟ್ಟು ದಾಪುಗಾಲು ಹಾಕಿದಳು.