ಎಡಗಣ್ಣು

ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಮಾಡಿದವನು ನಾನು. ಫೇಲಾಗಿ, ಮತ್ತೆ ಕಟ್ಟಿ ಪಾಸಾದವನು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಕೂತು ತಿದ್ದಿದರೆ ಬಾರದ ವಿದ್ಯೆಯೇ ಇಲ್ಲ ಎಂಬ ಹಮ್ಮಿನಲ್ಲೇ ಮಡಿಕೇರಿಯ ಸರ್ಕಾರಿ ಕಚೇರಿಗೆ ಸೇರಿದೆ. ಕೊಡಗು ಆಗ ಬೇರೆಯೇ ರಾಜ್ಯ. ಇಷ್ಟು ಪುಟ್ಟ ರಾಜ್ಯಕ್ಕೂ ಆಫೀಸರುಗಳಿದ್ದರು, ಅವರಿಗೊಂದು ಕ್ಲಬ್ಬು, ಕ್ಲಬ್ಬಿನಲ್ಲೊಂದು ಬಿಲಿಯರ್ಡ್ಸ್ ಮೇಜು.

ಗ್ರಾಜುಯೇಟ್ ಎಂದು ನನ್ನನ್ನೂ ಒಳಗೆ ಬಿಟ್ಟರು. ಮೈಸೂರಿಗೆ ಆಡಲು ಹೋಗುವ ತಂಡದಲ್ಲಿ ಆ ವರ್ಷ ಒಂದು ಜಾಗ ಖಾಲಿಯಿತ್ತು. ಅದು ನನಗೆ ಬೇಕಿತ್ತು. ಓದಿದ್ದಾನೆ ಎಂದು ಬಿಟ್ಟವರು ಆಡುತ್ತಾನೆ ಎಂದು ಕರೆದೊಯ್ಯಲಿ, ಅಷ್ಟೇ ಆಸೆ.

ಕಲಿಸಲು ಒಪ್ಪಿದವರು ರಿಟೈರಾದ ಒಬ್ಬ ಮೇಜರ್. ನಾನು ಬಾಗಿ ಕೋಲು ಹಿಡಿದದ್ದನ್ನು ನೋಡಿ ಮೊದಲ ದಿನವೇ ನಕ್ಕರು.

“ಎಡಗಣ್ಣು ಮುಚ್ಚಿದ್ಯಲ್ಲ ಮೋನೆ. ಅದೇನು ಕೋವಿಯಾ?”

ಮುಚ್ಚಿದ್ದು ನನಗೇ ಗೊತ್ತಿರಲಿಲ್ಲ. ಊರಲ್ಲಿ ಕೋವಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಹಬ್ಬದ ದಿನ ಮರದ ತುದಿಯ ತೆಂಗಿನಕಾಯಿಯನ್ನು ಮೊದಲ ಈಡಿಗೇ ಬೀಳಿಸುತ್ತಿದ್ದವನ ಅಭ್ಯಾಸ ಅದು. ಉಸಿರು ಹಿಡಿ, ಎಡಗಣ್ಣು ಮುಚ್ಚು, ಹೊಡಿ. ಗುಂಡು ಹೋದರೆ ಕೆಲಸ ಮುಗಿಯಿತು. ಇಲ್ಲಿ ಕೆಲಸ ಶುರುವಾಗುವುದೇ ಹೊಡೆದ ಮೇಲೆ. ಕೆಂಪು ಚೆಂಡು ಪಾಕೆಟ್ಟಿಗೆ ಬಿದ್ದರೆ ಸಾಲದು; ನಾವು ಹೊಡೆದ ಬಿಳಿ ಚೆಂಡು ಮುಂದಿನ ಹೊಡೆತಕ್ಕೆ ಒದಗುವ ಕಡೆ ಬಂದು ನಿಲ್ಲಬೇಕು.

“ಗುಂಡಿನ ಹಿಂದೆ ಯಾರೂ ಹೋಗಲ್ಲ,” ಎಂದರು ಮೇಜರ್. “ಈ ಚೆಂಡಿನ ಹಿಂದೆ ನೀನೇ ಹೋಗ್ಬೇಕು.”

ಮಳೆಗಾಲವಿಡೀ ತಿದ್ದಿದೆ. ಮೇಜಿನ ಹಸಿರು ಬಟ್ಟೆ ಥಂಡಿ ಹಿಡಿದು ಚೆಂಡು ಓಡದ ದಿನಗಳಲ್ಲಿ, ಬಾಡಿಗೆ ಕೋಣೆಯ ಕನ್ನಡಿ ಮುಂದೆ ಕೊಡೆಯನ್ನೇ ಕೋಲು ಮಾಡಿಕೊಂಡು, ಎರಡೂ ಕಣ್ಣು ಬಿಟ್ಟು, ಮೊಣಕೈ ಮಾತ್ರ ಆಡಿಸಿದೆ. ಪರೀಕ್ಷೆಗೆ ಓದಿದ ಹಾಗೆಯೇ. ಸುಮ್ಮನೆ ಆಡುವಾಗ ಕಣ್ಣು ಮಾತು ಕೇಳತೊಡಗಿತು. ಗೆಲ್ಲಲೇಬೇಕಾದ ಹೊಡೆತ ಬಂದರೆ ಮಾತ್ರ ತಾನಾಗಿ ಮುಚ್ಚುತ್ತಿತ್ತು.

ಆಯ್ಕೆಯ ಆಟ ಒಬ್ಬ ಡಾಕ್ಟರ ಜೊತೆ. ಕೊನೆಗೆ ನಾನು ಗೆಲ್ಲಲು ಬೇಕಿದ್ದದ್ದು ಒಂದೇ ಹೊಡೆತ: ನಡುವಿನ ಪಾಕೆಟ್ಟಿನ ಹತ್ತಿರದ ಕೆಂಪು ಚೆಂಡು, ಕಲಿಯುವವನೂ ಬೀಳಿಸುವಂಥದ್ದು. ಬಾಗಿದೆ. ಉಸಿರು ಹಿಡಿದದ್ದು ತಿಳಿಯಿತು. ಚೆಂಡು ಪಾಕೆಟ್ಟಿನ ತುಟಿಗೆ ಬಡಿದು ಹೊರಗೆ ಬಂತು. ಡಾಕ್ಟರು ಆಟ ಮುಗಿಸಿದರು.

“ಕಣ್ಣು,” ಎಂದರು ಮೇಜರ್. ಮೈಸೂರಿಗೆ ಡಾಕ್ಟರು ಹೋದರು.

ಅದೇ ವಾರ ಕೈಲ್ ಮುಹೂರ್ತಕ್ಕೆ ಮೂರ್ನಾಡಿನ ಹತ್ತಿರದ ನಮ್ಮ ಮನೆಗೆ ಹೋದೆ. ಅಪ್ಪ ಎಂದಿನಂತೆ ಮೊದಲ ಈಡಿಗೆ ಕೋವಿಯನ್ನು ನನ್ನ ಕೈಗೆ ಕೊಟ್ಟರು. ಗುರಿ ಹಿಡಿದೆ. ಕಾಯಿ ಅಲುಗಲೂ ಇಲ್ಲ.

ಪಕ್ಕದಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ ದೊಡ್ಡಪ್ಪನ ಮಗ, “ಎರಡು ಕಣ್ಣ್ ಬುಟ್ಟ್ ಈಡ್ ಹೊಡ್ದದ್,” ಎಂದ, “ಇದ್ನೂ ಕಾಲೇಜ್‌ಲಿ ಕಲ್ತದಾ?”

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಕೋವಿಯನ್ನು ನನ್ನ ಕೈಯಿಂದ ತೆಗೆದು ಅವನಿಗೆ ಕೊಟ್ಟರು. ಅವನು ಎಡಗಣ್ಣು ಮುಚ್ಚಿದ.